ಪಾರ್ಕಿನ್ಸನ್ ರೋಗದಲ್ಲಿ ನಡೆ ಮತ್ತು ನುಡಿ

ಒಬ್ಬ ಮನುಷ್ಯನ ಸ್ವಭಾವವನ್ನು ಕುರಿತು ಹೇಳುವಾಗ ಕನ್ನಡಿಗರು 'ಅವರ ನಡೆನುಡಿ ಚೆನ್ನಾಗಿದೆ' ಎನ್ನುವುದುಂಟು. ಅಲ್ಲಿ ನಡೆಯೆಂದರೆ ಆಚರಣೆ, ನುಡಿಯೆಂದರೆ ಮಾತಿನ ರೀತಿ. ಆದರೆ ಈ ಎರಡು ಪದಗಳನ್ನು ಮೂಲಾರ್ಥದಲ್ಲಿಯೇ, ಎಂದರೆ ಕಾಲಿನ ನಡೆ ಮತ್ತು ಬಾಯಿಯ ನುಡಿ ಎಂದೇ ತೆಗೆದುಕೊಂಡರೂ ಜೋಡಿ ಸರಿಯಾಗಿಯೇ ಇದೆ. ಏಕೆಂದರೆ ಎರಡೂ ಸ್ನಾಯುಗಳ ಕೆಲಸ. ಎರಡನ್ನೂ ಆಳುವುದು ಮಿದುಳು. ಎರಡನ್ನೂ ನಾವು ಶೈಶವದಲ್ಲಿ ಎಡವುತ್ತ ತೊದಲುತ್ತ ಕಲಿಯುತ್ತೇವೆ. ಕಲಿತಮೇಲೆ ಅವುಗಳ ಕಡೆಗೆ ಗಮನವನ್ನೇ ಕೊಡದೆ ಜೀವಮಾನವೆಲ್ಲ ಸಾಗಿಸುತ್ತೇವೆ.

ಹೀಗೆ ಗಮನವಿಲ್ಲದೆ ತಾವಾಗಿಯೇ ಸಾಗುವ ಚಲನೆಗಳನ್ನು ಮುಖ್ಯವಾಗಿ ಕೆಡಿಸುವ ರೋಗವೊಂದುಂಟು. ಅದೇ ಪಾರ್ಕಿನ್ಸನ್ ರೋಗ. ನಮ್ಮಲ್ಲಿ ಇದನ್ನು ಕಂಪವಾತವೆಂದು ಕರೆಯುವುದು ವಾಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಪ್ರಪಂಚದಲ್ಲಿ 85 ಲಕ್ಷಕ್ಕೂ ಹೆಚ್ಚು ಮಂದಿ ಈ ರೋಗಕ್ಕೆ ತುತ್ತಾಗಿದ್ದರು. ಇವರ ಕೈನಡುಕ ಎಲ್ಲರ ಕಣ್ಣಿಗೂ ಬೀಳುತ್ತದೆ. ದನಿ ಕುಗ್ಗುವುದು ಮಾತ್ರ ಅಷ್ಟು ಬೇಗ ಗಮನಕ್ಕೆ ಬರುವುದಿಲ್ಲ. 'ವಯಸ್ಸಾಯಿತು, ಮಾತು ಕಡಮೆಯಾಯಿತು' ಎಂದು ಮನೆಯವರು ಸುಮ್ಮನಾಗುತ್ತಾರೆ. ತಾನು ಹೇಳಿದ್ದು ಯಾರಿಗೂ ಕೇಳಿಸುವುದಿಲ್ಲವೆಂದು ರೋಗಿಯೂ ಕ್ರಮೇಣ ಮಾತನ್ನೇ ಬಿಡುತ್ತಾನೆ. ನಡುಗುವ ಕೈಗಿಂತ ಹೆಚ್ಚಾಗಿ ಈ ಮೌನವೇ ಅವನನ್ನು ಮನೆಯವರಿಂದ ದೂರಮಾಡುವುದುಂಟು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನುಡಿಯ ಕೇಡು ನಡೆಯ ಕೇಡಿನ ಇನ್ನೊಂದು ರೂಪವೆ, ಅಥವಾ ಅದು ಬೇರೆಯೇ ಆದ ಕೇಡೆ? ಇದು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಎರಡೂ ಒಂದೇ ಆಗಿದ್ದರೆ ಕಾಲನ್ನು ಸರಿಪಡಿಸುವ ಮದ್ದೇ ನಾಲಗೆಯನ್ನೂ ಸರಿಪಡಿಸಬೇಕು. ದನಿಯನ್ನು ಅಳೆದು ರೋಗ ಎಷ್ಟು ಬೆಳೆದಿದೆಯೆಂದು ಹೇಳುವುದೂ ಸಾಧ್ಯವಾಗಬೇಕು. ಈ ಪ್ರಶ್ನೆಗೆ ಉತ್ತರವನ್ನು ಅರಸಿದವರಲ್ಲಿ ಹೆಸರಾಂತ ವೈದ್ಯರಿರುವಂತೆ, ಡಾಕ್ಟರೇಟ್ ಪದವಿಗಾಗಿ ದುಡಿಯುತ್ತಿದ್ದ ತರುಣ ವಿದ್ಯಾರ್ಥಿಗಳೂ ಇದ್ದಾರೆ. ಅವರ ಕೆಲಸದ ಸ್ವರೂಪವನ್ನು ಇಲ್ಲಿ ಸ್ವಲ್ಪಮಟ್ಟಿಗೆ ಪರಿಚಯ ಮಾಡಿಕೊಳ್ಳೋಣ.

ರೋಗದ ಗುರುತು

ಲಂಡನ್ ನಗರದ ಹಾಕ್ಸ್‌ಟನ್ ಭಾಗದಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಜೇಮ್ಸ್ ಪಾರ್ಕಿನ್ಸನ್ (1755–1824) ಬಹುಮುಖ ಆಸಕ್ತಿಯುಳ್ಳವನು. ಭೂಗರ್ಭದ ಪಳೆಯುಳಿಕೆಗಳನ್ನು ಕುರಿತು ಅವನು ಬರೆದ ಗ್ರಂಥ ಆ ಕಾಲದಲ್ಲಿ ಹೆಸರು ಪಡೆದಿತ್ತು. 1817ರಲ್ಲಿ ಅವನು 'ನಡುಗುವ ಪಾರ್ಶ್ವವಾಯು'ವನ್ನು ಕುರಿತು ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದನು. ಅದರಲ್ಲಿ ವರ್ಣಿತರಾದ ರೋಗಿಗಳು ಆರೇ ಮಂದಿ. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಚಿಕಿತ್ಸಾಲಯದಲ್ಲಿಯೂ ಅಲ್ಲ, ಬೀದಿಯಲ್ಲಿ. ಮುಂದಕ್ಕೆ ಬಾಗಿದ ಮೈ, ನಡಿಗೆ ತಾನಾಗಿಯೇ ಓಟವಾಗುವ ವಿಚಿತ್ರ ಲಕ್ಷಣ, ಸುಮ್ಮನಿರುವಾಗಲೂ ನಿಲ್ಲದ ಕೈನಡುಕ ಇವನ್ನೆಲ್ಲ ಅವನು ಗುರುತಿಸಿದನು. ರೋಗ ಬಲಿತಾಗ ಮಾತು ಅರ್ಥವಾಗದಷ್ಟು ಕೆಡುತ್ತದೆಂಬುದನ್ನೂ ಬರೆದಿಟ್ಟನು. ನಡೆ ನುಡಿಗಳೆರಡೂ ಕೆಡುತ್ತವೆಂಬ ಸಂಗತಿ ಹೀಗೆ ಮೊದಲ ವರ್ಣನೆಯಲ್ಲಿಯೇ ಇದೆ.

ಮುಂದೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೊ ಈ ರೋಗಕ್ಕೆ ಪಾರ್ಕಿನ್ಸನ್ನನ ಹೆಸರನ್ನು ರೂಢಿಗೆ ತಂದನು. ರೋಗಿಯ ಸ್ನಾಯುಗಳು ಶಕ್ತಿಗುಂದಿಲ್ಲವೆಂದೂ ಆದುದರಿಂದ ಇದನ್ನು ಪಾರ್ಶ್ವವಾಯುವೆಂದು ಕರೆಯುವುದು ಸಲ್ಲದೆಂದೂ ಅವನು ವಾದಿಸಿದನು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಸ್ನಾಯುವಿನಲ್ಲಿ ಶಕ್ತಿಯಿದೆ, ಆದರೂ ಚಲನೆ ಕುಗ್ಗಿದೆ. ಹಾಗಾದರೆ ಕೇಡು ಎಲ್ಲಿದೆ?

ಇದಕ್ಕೆ ಉತ್ತರ ದೊರೆತದ್ದು ಒಂದು ಡಾಕ್ಟರೇಟ್ ಪ್ರಬಂಧದಲ್ಲಿ. ಕಾನ್‌ಸ್ಟಂಟಿನ್ ಟ್ರೆಟಿಯಾಕಾಫ್ ಎಂಬ ರಷ್ಯನ್ ತರುಣನು 1919ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಪ್ರಬಂಧವನ್ನು ಒಪ್ಪಿಸಿದನು. ಮಧ್ಯಮಿದುಳಿನಲ್ಲಿ ಬರಿಗಣ್ಣಿಗೇ ಕಪ್ಪಾಗಿ ಕಾಣುವ ಒಂದು ಚಿಕ್ಕ ಪಟ್ಟೆಯುಂಟು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಸಬ್‌ಸ್ಟಾನ್ಷಿಯ ನೈಗ್ರ, ಎಂದರೆ 'ಕಪ್ಪು ದ್ರವ್ಯ' ಎಂದು ಹೆಸರು. ಪಾರ್ಕಿನ್ಸನ್ ರೋಗದಿಂದ ಮಡಿದವರ ಮಿದುಳುಗಳಲ್ಲಿ ಈ ಕಪ್ಪು ಪಟ್ಟೆ ಬಣ್ಣಗೆಟ್ಟಿರುವುದನ್ನೂ ಅಲ್ಲಿನ ನರಕೋಶಗಳು ನಶಿಸಿರುವುದನ್ನೂ ಅವನು ತೋರಿಸಿಕೊಟ್ಟನು. ವಿದ್ಯಾರ್ಥಿಯೊಬ್ಬನ ಈ ಮಾತನ್ನು ಹಿರಿಯರು ಒಡನೆ ಒಪ್ಪಲಿಲ್ಲ. 1938ರಲ್ಲಿ ಜರ್ಮನಿಯ ಹಾಸ್ಲರ್ ಸೂಕ್ಷ್ಮವಾಗಿ ಪರೀಕ್ಷಿಸಿ ಇದು ದಿಟವೆಂದು ಹೇಳಿದ ಮೇಲೆ ಸಂದೇಹ ಕ್ರಮೇಣ ಕಡಮೆಯಾಯಿತು.

ಡೋಪಮೀನ್ ಎಂಬ ದೂತ

ಕಪ್ಪು ಪಟ್ಟೆಯ ನರಕೋಶಗಳ ಕೆಲಸವೇನು? ಇದನ್ನು ತಿಳಿಯಲು ನೆರವಾದದ್ದು ಭಾರತದ ಒಂದು ಗಿಡಮೂಲಿಕೆ. ಸರ್ಪಗಂಧದ ಬೇರಿನಲ್ಲಿ ರಿಸರ್ಪಿನ್ ಎಂಬ ವಸ್ತುವಿದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಅವನ ಸಹೋದ್ಯೋಗಿಗಳು ಇಲಿಗಳಿಗೂ ಮೊಲಗಳಿಗೂ ರಿಸರ್ಪಿನ್ ಕೊಟ್ಟಾಗ ಅವು ಅಲುಗಾಡದೆ ಬಿದ್ದುಕೊಂಡವು. ಬಳಿಕ ಡೋಪಾ ಎಂಬ ವಸ್ತುವನ್ನು ಚುಚ್ಚಿದೊಡನೆ ಅವು ಮತ್ತೆ ಎಚ್ಚೆತ್ತು ಓಡಾಡಿದವು. ಈ ಪ್ರಯೋಗ ಪ್ರಕಟವಾದದ್ದು 1957ರಲ್ಲಿ. ಡೋಪಾ ಮಿದುಳನ್ನು ಸೇರಿ ಡೋಪಮೀನ್ ಆಗಿ ಮಾರ್ಪಡುತ್ತದೆ. ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿಯನ್ನು ಒಯ್ಯುವ ದೂತನೇ ಈ ಡೋಪಮೀನ್. 1960ರಲ್ಲಿ ವಿಯೆನ್ನಾ ನಗರದ ಏರಿಂಗರ್ ಮತ್ತು ಹಾರ್ನಿಕೀವಿಚ್, ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಈ ದೂತನ ಕೊರತೆ ಬಹಳವಾಗಿರುವುದನ್ನು ಕಂಡುಹಿಡಿದರು. ಕಾರ್ಲ್‌ಸನ್ನನಿಗೆ 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಡೋಪಮೀನನ್ನು ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳನ್ನು ಪ್ರವೇಶಿಸಲಾರದು, ಡೋಪಾ ಪ್ರವೇಶಿಸಬಲ್ಲುದು. 1967ರಲ್ಲಿ ಅಮೆರಿಕದ ಕೋಟ್ಸಿಯಾಸ್, ಡೋಪಾವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಬಾಯಿಯ ಮೂಲಕ ಕೊಟ್ಟು ರೋಗಿಗಳು ಚೇತರಿಸಿಕೊಳ್ಳುವುದನ್ನು ತೋರಿಸಿದನು. ಲೆವೊಡೋಪಾ ಎಂಬ ಹೆಸರಿನಲ್ಲಿ ಅದು ಇಂದಿಗೂ ಈ ರೋಗದ ಮುಖ್ಯ ಔಷಧಿ. ನಮ್ಮ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ನವೆಯೇಳಿಸುವ ನಸುಗುನ್ನಿಯ ಬೀಜದಲ್ಲಿಯೂ ಈ ವಸ್ತುವಿದೆ. ಅದರಿಂದ ಡೋಪಾವನ್ನು ಬೇರ್ಪಡಿಸಿದ ವರದಿಯನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಆದರೆ ಬೀಜದಿಂದ ಬೀಜಕ್ಕೆ ಡೋಪಾದ ಪ್ರಮಾಣ ಬದಲಾಗುವುದರಿಂದ ಅದನ್ನು ತಾನೇ ತಿಂದು ಚಿಕಿತ್ಸೆ ಮಾಡಿಕೊಳ್ಳುವುದು ಅಪಾಯಕರ.

ಅಳತೆ ತಪ್ಪಿದ ಚಲನೆ

ಡೋಪಮೀನಿನ ಕೊರತೆಯಿಂದ ಚಲನೆಯಲ್ಲಿ ಆಗುವ ಬದಲಾವಣೆಗಳು ಮುಖ್ಯವಾಗಿ ನಾಲ್ಕು. ವಿಶ್ರಾಂತಿಯಲ್ಲಿರುವ ಕೈ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ ನಡುಗುತ್ತದೆ. ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಚಲನೆ ನಿಧಾನವಾಗುವುದಲ್ಲದೆ ಚಿಕ್ಕದಾಗುತ್ತದೆ. ಕೊನೆಗೆ ದೇಹದ ಸಮತೋಲ ತಪ್ಪುತ್ತದೆ. ಇವುಗಳಲ್ಲಿ ಮೂರನೆಯದು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ರೋಗಿಯ ಹೆಜ್ಜೆ ಗೇಣುದ್ದಕ್ಕೆ ಇಳಿಯುತ್ತದೆ; ನಡೆಯುವಾಗ ಕೈಬೀಸು ನಿಲ್ಲುತ್ತದೆ; ಬರೆಯಲು ಕುಳಿತರೆ ಮೊದಲ ಸಾಲಿನ ಅಕ್ಷರಗಳು ದೊಡ್ಡದಾಗಿದ್ದು, ಪುಟ ಮುಗಿಯುವ ಹೊತ್ತಿಗೆ ಸಾಸಿವೆಕಾಳಿನಷ್ಟಾಗುತ್ತವೆ. ಶಕ್ತಿಯಿದ್ದರೂ ಚಲನೆಗೆ ಎಷ್ಟು ಅಳತೆ ಬೇಕೆಂಬ ಲೆಕ್ಕದಲ್ಲಿ ಮಿದುಳು ತಪ್ಪುತ್ತಿದೆ.

ಇದಕ್ಕೊಂದು ಸೋಜಿಗದ ಪ್ರಮಾಣವುಂಟು. ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವ ರೋಗಿಯ ಮುಂದೆ ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದರೆ, ಅವನು ಅವುಗಳನ್ನು ದಾಟುತ್ತ ದೊಡ್ಡ ಹೆಜ್ಜೆಗಳನ್ನಿಟ್ಟು ನಡೆಯಬಲ್ಲನು. ತಾಳದ ಸಪ್ಪಳವನ್ನು ಕೇಳಿಸಿದರೂ ಅನೇಕರ ನಡಿಗೆ ಸುಧಾರಿಸುತ್ತದೆ. ತಾನಾಗಿ ನಡೆಯಬೇಕಾದ ಕೆಲಸ ಕೆಟ್ಟಿದೆ. ಗಮನವಿಟ್ಟು ಮಾಡುವ ಕೆಲಸಕ್ಕೆ ಇನ್ನೂ ದಾರಿಯಿದೆ ಎಂಬುದು ಇದರಿಂದ ತಿಳಿದುಬರುತ್ತದೆ.

ಮಾತೂ ಒಂದು ಚಲನೆ

ಈಗ ನುಡಿಯ ಕಡೆಗೆ ಬರೋಣ. ಶ್ವಾಸಕೋಶದಿಂದ ಹೊರಡುವ ಗಾಳಿ ಗಂಟಲಿನ ಧ್ವನಿತಂತುಗಳನ್ನು ಕಂಪಿಸುತ್ತದೆ. ವಯಸ್ಕ ಪುರುಷರಲ್ಲಿ ಈ ಕಂಪನ ಸೆಕೆಂಡಿಗೆ ಸುಮಾರು 100ರಿಂದ 130. ಸ್ತ್ರೀಯರಲ್ಲಿ ಸುಮಾರು 200. ಹೀಗೆ ಹುಟ್ಟಿದ ನಾದವನ್ನು ನಾಲಗೆ, ತುಟಿ, ಕಿರುನಾಲಗೆ, ದವಡೆಗಳು ತಿದ್ದಿ ಅಕ್ಷರಗಳನ್ನಾಗಿ ಮಾಡುತ್ತವೆ. ಸಾಮಾನ್ಯ ಮಾತಿನಲ್ಲಿ ಒಂದು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಧ್ವನಿಗಳು ಹೊರಡುತ್ತವೆ. ಎದೆಗೂಡು, ಗಂಟಲು, ಬಾಯಿ ಇವುಗಳ ಹತ್ತಾರು ಸ್ನಾಯುಗಳು ಕ್ಷಣದ ನೂರರಲ್ಲೊಂದು ಪಾಲೂ ತಪ್ಪದಂತೆ ಹೊಂದಿಕೊಂಡು ಕೆಲಸ ಮಾಡಬೇಕು. ನಮ್ಮ ದೇಹದ ಅತ್ಯಂತ ಸೂಕ್ಷ್ಮವಾದ ಚಲನೆಗಳ ಸಾಲಿನಲ್ಲಿ ಮಾತೂ ಒಂದೆಂಬುದರಲ್ಲಿ ಸಂದೇಹವಿಲ್ಲ.

ಆದುದರಿಂದ ಕೈಕಾಲುಗಳಲ್ಲಿ ಕಾಣುವ ಪ್ರತಿಯೊಂದು ಲಕ್ಷಣಕ್ಕೂ ಮಾತಿನಲ್ಲಿ ಒಂದು ಜೋಡಿಯನ್ನು ಹುಡುಕಬಹುದು. ಹೆಜ್ಜೆ ಚಿಕ್ಕದಾಗುವಂತೆ ದನಿ ಸಣ್ಣದಾಗುತ್ತದೆ. ಮುಖದ ಭಾವ ಮಾಯವಾಗುವಂತೆ ಮಾತಿನ ಏರಿಳಿತ ಮಾಯವಾಗಿ, ಪ್ರಶ್ನೆಯೂ ಆಶ್ಚರ್ಯವೂ ಒಂದೇ ಶ್ರುತಿಯಲ್ಲಿ ಹೊರಡುತ್ತವೆ. ಕಾಲು ನೆಲಕ್ಕೆ ಅಂಟಿಕೊಳ್ಳುವಂತೆ ಮೊದಲ ಅಕ್ಷರ ಬಾಯಲ್ಲಿಯೇ ತಡೆದು ನಿಲ್ಲುತ್ತದೆ. ನಡಿಗೆ ಓಟವಾಗುವಂತೆ ಮಾತೂ ಒಮ್ಮೊಮ್ಮೆ ದಡಬಡನೆ ನುಗ್ಗಿ ಪದಗಳು ಒಂದರೊಳಗೊಂದು ಸೇರಿಹೋಗುತ್ತವೆ. ನಾಲಗೆ ಅಂಗುಳನ್ನು ಪೂರ್ತಿ ಮುಟ್ಟದೆ, ತುಟಿಗಳು ಪೂರ್ತಿ ಮುಚ್ಚದೆ ವ್ಯಂಜನಗಳು ಸಡಿಲವಾಗುತ್ತವೆ.

ಇಂತಹ ಲಕ್ಷಣಗಳನ್ನು ಕ್ರಮಬದ್ಧವಾಗಿ ವಿಂಗಡಿಸಿದವರು ಅಮೆರಿಕದ ಮೇಯೊ ಚಿಕಿತ್ಸಾಲಯದ ಡಾರ್ಲಿ, ಆರನ್‌ಸನ್ ಮತ್ತು ಬ್ರೌನ್. 1969ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಅವರು ನರವ್ಯೂಹದ ವಿವಿಧ ರೋಗಗಳಿಗೆ ಒಳಗಾದ 212 ಮಂದಿಯ ಮಾತಿನ ಮುದ್ರಿಕೆಗಳನ್ನು ಕೇಳಿ, 38 ಲಕ್ಷಣಗಳಿಗೆ ಅಂಕಗಳನ್ನು ಕೊಟ್ಟರು. ಪಾರ್ಕಿನ್ಸನ್ ರೋಗಿಗಳ ಮಾತಿಗೆ ತನ್ನದೇ ಆದ ಒಂದು ಮಾದರಿಯುಂಟೆಂಬುದು ಇದರಿಂದ ಖಚಿತವಾಯಿತು. 1978ರಲ್ಲಿ ಲೋಗಮನ್ ಮತ್ತು ಸಂಗಡಿಗರು 200 ರೋಗಿಗಳನ್ನು ಪರೀಕ್ಷಿಸಿದಾಗ ಶೇಕಡ 89 ಮಂದಿಯಲ್ಲಿ ದನಿಯ ದೋಷವೂ ಶೇಕಡ 45 ಮಂದಿಯಲ್ಲಿ ಉಚ್ಚಾರಣೆಯ ದೋಷವೂ ಕಂಡುಬಂದವು. ಎಂದರೆ ಮಾತಿನ ಕೇಡು ಅಪರೂಪವಲ್ಲ. ಅದು ಈ ರೋಗದ ಸಾಮಾನ್ಯ ಲಕ್ಷಣ.

ದನಿ ಎಷ್ಟು ಕುಗ್ಗುತ್ತದೆ? ಅಳತೆ ಮಾಡಿದವರು ಸುಮಾರು 2ರಿಂದ 4 ಡೆಸಿಬೆಲ್ ಎಂದು ಹೇಳುತ್ತಾರೆ. ಅಂಕೆ ಚಿಕ್ಕದೆಂದು ಓದುಗರು ಕಡೆಗಣಿಸಬಾರದು. ಡೆಸಿಬೆಲ್ ಲಘುಗಣಕದ ಮಾನ. 2ರ ಲಘುಗಣಕ 0.301, ಅದನ್ನು 10ರಿಂದ ಗುಣಿಸಿದರೆ ಸುಮಾರು 3. ಆದ್ದರಿಂದ 3 ಡೆಸಿಬೆಲ್ ಇಳಿಯಿತೆಂದರೆ ಧ್ವನಿಯ ಶಕ್ತಿ ಅರ್ಧಕ್ಕೆ ಇಳಿಯಿತೆಂದೇ ಅರ್ಥ. ಒಲೆಯ ಸದ್ದು, ಬೀದಿಯ ಗದ್ದಲ ಇವುಗಳ ನಡುವೆ ಇಷ್ಟು ಕುಗ್ಗಿದ ಮಾತು ಸುಲಭವಾಗಿ ಮುಳುಗಿಹೋಗುತ್ತದೆ.

ಜೋಡಿ ಎಲ್ಲಿ ಬೇರೆಯಾಗುತ್ತದೆ?

ಇಷ್ಟನ್ನು ಓದಿದವರು ನಡೆ ನುಡಿಗಳ ಕೇಡು ಒಂದೇ ಎಂಬ ನಿರ್ಣಯಕ್ಕೆ ಬರಬಹುದು. ಆದರೆ ಚಿಕಿತ್ಸೆಯ ಅನುಭವ ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಲೆವೊಡೋಪಾ ಸೇವನೆಯಿಂದ ಕೈಕಾಲುಗಳು ಸಡಿಲವಾಗಿ ನಡಿಗೆ ಸುಧಾರಿಸಿದ ಅನೇಕರಲ್ಲಿ ಮಾತು ಅಷ್ಟರಮಟ್ಟಿಗೆ ಸುಧಾರಿಸುವುದಿಲ್ಲ. ಇನ್ನೊಂದು ಚಿಕಿತ್ಸೆಯುಂಟು. ಮಿದುಳಿನ ಆಳಕ್ಕೆ ಸಣ್ಣ ತಂತಿಯನ್ನು ಇಳಿಸಿ ವಿದ್ಯುತ್ತಿನ ಮಿಡಿತಗಳನ್ನು ಎಡೆಬಿಡದೆ ಕೊಡುವ ಈ ವಿಧಾನವನ್ನು 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ಬೆನಬಿದ್ ಮತ್ತು ಸಹೋದ್ಯೋಗಿಗಳು ಆರಂಭಿಸಿದರು. ಇದರಿಂದ ನಡುಕವೂ ಬಿಗಿತವೂ ಗಮನಾರ್ಹವಾಗಿ ಇಳಿಯುತ್ತವೆ. ಆದರೆ ಕೆಲವು ರೋಗಿಗಳಲ್ಲಿ ಮಾತು ಮೊದಲಿಗಿಂತಲೂ ಅಸ್ಪಷ್ಟವಾಗುತ್ತದೆ. ಕೈ ಗೆದ್ದಲ್ಲಿ ನಾಲಗೆ ಸೋತಂತಾಯಿತು!

ಇದಲ್ಲದೆ ಇನ್ನೊಂದು ವಿಶೇಷವನ್ನು ಗಮನಿಸಬೇಕು. ರೋಗಿಗೆ ತನ್ನ ದನಿ ಕುಗ್ಗಿದೆಯೆಂದು ಅನೇಕ ವೇಳೆ ತಿಳಿದಿರುವುದೇ ಇಲ್ಲ. 'ನಾನು ಸರಿಯಾಗಿಯೇ ಹೇಳುತ್ತಿದ್ದೇನೆ. ನಿಮಗೇ ಕಿವಿ ಮಂದ' ಎಂದು ಅವನು ಮನೆಯವರನ್ನು ಗದರುವುದುಂಟು. ಪ್ರಯೋಗಗಳಲ್ಲಿಯೂ ಇಂತಹ ರೋಗಿಗಳು ತಮ್ಮ ಮಾತಿನ ಗಟ್ಟಿತನವನ್ನು ಇದ್ದುದಕ್ಕಿಂತ ಹೆಚ್ಚೆಂದು ಎಣಿಸುವುದು ಕಂಡುಬಂದಿದೆ. ಎಂದರೆ ಕೇಡು ದನಿಯನ್ನು ಹೊರಡಿಸುವುದರಲ್ಲಿ ಮಾತ್ರವಲ್ಲ, ಅದನ್ನು ತಾನೇ ತೂಗಿನೋಡುವುದರಲ್ಲಿಯೂ ಇದೆ. ತಕ್ಕಡಿಯೇ ತಪ್ಪಿದಾಗ ಸರಕನ್ನು ಸರಿಯಾಗಿ ತೂಗುವುದು ಹೇಗೆ?

ಹೀಗೆ ನಡೆ ನುಡಿಗಳು ಒಂದೇ ಬೇರಿನಿಂದ ಹೊರಟರೂ ಬೇರೆಬೇರೆ ಕೊಂಬೆಗಳಾಗಿ ಬೆಳೆಯುತ್ತವೆಂದು ತೋರುತ್ತದೆ. ಎಷ್ಟರಮಟ್ಟಿಗೆ ಅವು ಒಟ್ಟಿಗಿವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಅಳತೆಯಿಂದಲ್ಲದೆ ಊಹೆಯಿಂದ ಹೇಳಲಾಗದು.

ಒಂದು 'ಆ'ಕಾರದ ಅಧ್ಯಯನ

ಇಂತಹ ಅಳತೆಯ ಉತ್ತಮ ನಿದರ್ಶನವೊಂದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಅಥನಾಸಿಯೋಸ್ ತ್ಸಾನಾಸ್ ಎಂಬವರು 2012ರಲ್ಲಿ ಅಲ್ಲಿ ಪೂರೈಸಿದ ಡಾಕ್ಟರೇಟ್ ಪ್ರಬಂಧದ ಪ್ರಶ್ನೆ ಸರಳವಾದುದು: ರೋಗಿಯ ದನಿಯನ್ನು ಮಾತ್ರ ಕೇಳಿ ಅವನ ರೋಗದ ತೀವ್ರತೆಯನ್ನು ಹೇಳಬಹುದೆ? ರೋಗಿ ಆಸ್ಪತ್ರೆಗೆ ಬರದೆ ತನ್ನ ಮನೆಯಲ್ಲಿಯೇ ಕುಳಿತು ಪರೀಕ್ಷೆಗೆ ಒಳಗಾಗುವಂತಾದರೆ, ದೂರದ ಊರುಗಳಲ್ಲಿರುವವರಿಗೂ ಮನೆ ಬಿಟ್ಟು ಹೊರಡಲಾಗದವರಿಗೂ ಎಷ್ಟು ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಕೆಲಸಕ್ಕೆ ಅಮೆರಿಕದಲ್ಲಿ 42 ಮಂದಿಯಿಂದ ಸಂಗ್ರಹಿಸಿದ ಮುದ್ರಿಕೆಗಳು ಆಧಾರವಾದವು. ಅವರೆಲ್ಲ ರೋಗದ ಆರಂಭದ ಹಂತದಲ್ಲಿದ್ದವರು. ಆರು ತಿಂಗಳ ಕಾಲ, ವಾರಕ್ಕೊಂದು ದಿನ, ಮನೆಯಲ್ಲಿಟ್ಟ ಯಂತ್ರದ ಮುಂದೆ ಕುಳಿತು ಅವರು 'ಆ' ಎಂದು ಉಸಿರು ಇರುವವರೆಗೆ ಎಳೆದು ಹೇಳಿದರು. ಹೀಗೆ ದೊರೆತ ಮುದ್ರಿಕೆಗಳು 5,875.

ಒಂದು 'ಆ'ಕಾರದಲ್ಲಿ ಅಳೆಯುವುದೇನಿದೆ? ಒಬ್ಬನ ಧ್ವನಿತಂತುಗಳು ಸೆಕೆಂಡಿಗೆ 125 ಬಾರಿ ಕಂಪಿಸುತ್ತವೆಂದು ಭಾವಿಸೋಣ. ಆಗ ಒಂದು ಕಂಪನಕ್ಕೆ ಹಿಡಿಯುವ ಕಾಲ ಸೆಕೆಂಡಿನ ಸಾವಿರದಲ್ಲಿ 8 ಪಾಲು. ಆರೋಗ್ಯವಂತನಲ್ಲಿ ಒಂದು ಕಂಪನಕ್ಕೂ ಮುಂದಿನದಕ್ಕೂ ಈ ಕಾಲದಲ್ಲಿ ಬೀಳುವ ವ್ಯತ್ಯಾಸ ಸಾಮಾನ್ಯವಾಗಿ ಶೇಕಡ 1ಕ್ಕಿಂತ ಕಡಮೆ. ಧ್ವನಿತಂತುಗಳ ಹಿಡಿತ ತಪ್ಪಿದಾಗ ಈ ವ್ಯತ್ಯಾಸ ಹೆಚ್ಚುತ್ತದೆ. ಇದಕ್ಕೆ 'ಜಿಟರ್' ಎಂದು ಹೆಸರು. ಅದೇ ರೀತಿ ಒಂದೊಂದು ಅಲೆಯ ಎತ್ತರದಲ್ಲಿ ಬೀಳುವ ವ್ಯತ್ಯಾಸಕ್ಕೆ 'ಶಿಮರ್' ಎನ್ನುತ್ತಾರೆ. ತಂತುಗಳು ಸರಿಯಾಗಿ ಕೂಡದೆ ಗಾಳಿ ಸೋರಿದರೆ ನಾದದಲ್ಲಿ ಬುಸುಗುಟ್ಟುವ ಸದ್ದು ಬೆರೆಯುತ್ತದೆ, ಅದನ್ನೂ ಅಳೆಯಬಹುದು. ಕಿವಿಗೆ ನಿಲುಕದ ಇಂತಹ ಸೂಕ್ಷ್ಮಗಳನ್ನು ಗಣಕಯಂತ್ರ ಅಂಕೆಗಳನ್ನಾಗಿ ಮಾರ್ಪಡಿಸುತ್ತದೆ.

ಈ ಅಂಕೆಗಳನ್ನು ಯಾವುದರೊಡನೆ ಹೋಲಿಸಬೇಕು? ನರರೋಗ ತಜ್ಞರು ರೋಗಿಯನ್ನು ಪರೀಕ್ಷಿಸಿ ಅಂಕ ಕೊಡುವ ಒಂದು ಪಟ್ಟಿಯುಂಟು. ಆ ಅಧ್ಯಯನದಲ್ಲಿ ಬಳಸಿದ ಪಟ್ಟಿಯಲ್ಲಿ ಶೂನ್ಯವೆಂದರೆ ಆರೋಗ್ಯ. ಗರಿಷ್ಠವಾದ 176 ಎಂದರೆ ಪೂರ್ಣ ಅಸಹಾಯಕತೆ. ಚಲನೆಯ ಪರೀಕ್ಷೆಗೆ ಮೀಸಲಾದ ಭಾಗಕ್ಕೆ 108 ಅಂಕಗಳು. ಅವುಗಳಲ್ಲಿ ಮಾತಿಗೆ ಸಲ್ಲುವುದು ನಾಲ್ಕೇ ನಾಲ್ಕು. ಮಾತನ್ನು ವೈದ್ಯಶಾಸ್ತ್ರ ಎಷ್ಟು ಹಗುರವಾಗಿ ಎಣಿಸುತ್ತ ಬಂದಿದೆಯೆಂಬುದಕ್ಕೆ ಈ ಅಂಕೆಯೇ ಸಾಕ್ಷಿ. ಹೀಗಿದ್ದರೂ ದನಿಯ ಅಳತೆಗಳಿಂದ ಊಹಿಸಿದ ಒಟ್ಟು ಅಂಕ, ತಜ್ಞರು ಕೊಟ್ಟ ಅಂಕಕ್ಕೆ ಸರಾಸರಿ 7.5ರಷ್ಟು ಸಮೀಪಕ್ಕೆ ಬಂದಿತೆಂದು 2010ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಗಂಟಲಿನ ನಾದದಲ್ಲಿ ಕೈಕಾಲುಗಳ ಸುದ್ದಿಯೂ ಅಡಗಿದೆಯೆಂದಾಯಿತು.

ಎಚ್ಚರಿಕೆಯ ಮಾತು

ಇಂತಹ ಫಲಿತಾಂಶವನ್ನು ಕಂಡು ಹಿಗ್ಗುವುದು ಸಹಜ. ಆದರೆ ವಿಜ್ಞಾನದ ವಿದ್ಯಾರ್ಥಿ ಎರಡು ಪ್ರಶ್ನೆಗಳನ್ನು ಕೇಳಲೇಬೇಕು.

ಮೊದಲನೆಯದು ಅಳತೆಗೋಲನ್ನು ಕುರಿತದ್ದು. ಮುದ್ರಿಕೆಗಳು ವಾರವಾರವೂ ನಡೆದವು. ತಜ್ಞರ ಪರೀಕ್ಷೆ ನಡೆದದ್ದು ಆರಂಭದಲ್ಲಿ, ಮೂರನೆಯ ತಿಂಗಳಲ್ಲಿ ಮತ್ತು ಆರನೆಯ ತಿಂಗಳಲ್ಲಿ ಮಾತ್ರ. ನಡುವಿನ ವಾರಗಳ ಅಂಕಗಳನ್ನು, ನಕ್ಷೆಯ ಎರಡು ಬಿಂದುಗಳನ್ನು ಸರಳರೇಖೆಯಿಂದ ಸೇರಿಸುವಂತೆ, ಲೆಕ್ಕದಿಂದ ತುಂಬಲಾಯಿತು. ರೋಗವಾದರೋ ಗೆರೆ ಎಳೆದಂತೆ ನೇರವಾಗಿ ಸಾಗುವುದೆಂದು ಯಾರೂ ಹೇಳಲಾರರು.

ಎರಡನೆಯದು ಜನರನ್ನು ಕುರಿತದ್ದು. 5,875 ದೊಡ್ಡ ಸಂಖ್ಯೆ. 42 ಚಿಕ್ಕ ಸಂಖ್ಯೆ. ಒಬ್ಬನದೇ ದನಿಯ ನೂರಾರು ಮುದ್ರಿಕೆಗಳಲ್ಲಿ ಕೆಲವನ್ನು ಯಂತ್ರಕ್ಕೆ ಕಲಿಸಲೂ ಉಳಿದವನ್ನು ಅದನ್ನು ಪರೀಕ್ಷಿಸಲೂ ಬಳಸಿದರೆ, ಯಂತ್ರ ರೋಗವನ್ನು ಗುರುತಿಸುವ ಬದಲು ಮನುಷ್ಯನನ್ನೇ ಗುರುತಿಸಿಬಿಡಬಹುದು. ಪರೀಕ್ಷೆಗೆ ಮುಂಚೆಯೇ ಪ್ರಶ್ನಪತ್ರಿಕೆಯನ್ನು ಕಂಡ ವಿದ್ಯಾರ್ಥಿಯ ಅಂಕಗಳಿಗೆ ಎಷ್ಟು ಬೆಲೆಯೋ ಆ ಫಲಿತಾಂಶಕ್ಕೂ ಅಷ್ಟೇ ಬೆಲೆ. ಯಂತ್ರ ಹಿಂದೆಂದೂ ಕೇಳದ ಹೊಸಬರ ದನಿಯ ಮೇಲೆ ಪ್ರಯೋಗಿಸಿದಾಗಲೂ ಉತ್ತರ ಸರಿಬಂದರೆ ಮಾತ್ರ ಅದನ್ನು ನಂಬಬಹುದು. ದನಿಯಿಂದ ರೋಗವನ್ನು ಪತ್ತೆಹಚ್ಚುವ ಅನೇಕ ಅಧ್ಯಯನಗಳ ಮೇಲೆ ವಿಮರ್ಶಕರು ಎತ್ತಿರುವ ಆಕ್ಷೇಪಣೆ ಇದೇ. ಆದುದರಿಂದ ದನಿಯ ಪರೀಕ್ಷೆ ವೈದ್ಯನಿಗೆ ನೆರವಾಗಬಹುದೇ ಹೊರತು ವೈದ್ಯನ ಸ್ಥಾನವನ್ನು ಅದು ಇನ್ನೂ ಪಡೆದಿಲ್ಲ.

ಗಟ್ಟಿಯಾಗಿ ಮಾತನಾಡುವ ಚಿಕಿತ್ಸೆ

ಅಳತೆಯಷ್ಟರಿಂದಲೇ ರೋಗಿಗೆ ಸಮಾಧಾನವಿಲ್ಲ. ಕುಗ್ಗಿದ ದನಿಯನ್ನು ಏರಿಸುವ ಉಪಾಯವುಂಟೆ? ನೆಲದ ಮೇಲಿನ ಗೆರೆಗಳ ಸಂಗತಿಯನ್ನು ಓದುಗರು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. ಗಮನವಿಟ್ಟಾಗ ಹೆಜ್ಜೆ ದೊಡ್ಡದಾಗುವುದಾದರೆ ಗಮನವಿಟ್ಟಾಗ ದನಿಯೂ ದೊಡ್ಡದಾಗಬೇಕು. ಈ ತತ್ತ್ವವನ್ನು ಅನುಸರಿಸಿ ಅಮೆರಿಕದಲ್ಲಿ ಲೊರೇನ್ ರೇಮಿಗ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಒಂದು ಅಭ್ಯಾಸಕ್ರಮವನ್ನು ರೂಪಿಸಿದರು. ಲೀ ಸಿಲ್ವರ್‌ಮನ್ ಎಂಬ ರೋಗಿಯ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರ, ದಿನಕ್ಕೊಂದು ಗಂಟೆ, ರೋಗಿಗೆ ಕೊಡುವ ಉಪದೇಶವೆಲ್ಲ ಒಂದೇ: ಗಟ್ಟಿಯಾಗಿ ಹೇಳಿ. ಉಸಿರು, ನಾಲಗೆ, ತುಟಿ ಒಂದೊಂದನ್ನೂ ಬೇರೆಬೇರೆಯಾಗಿ ತಿದ್ದುವುದಿಲ್ಲ. ದನಿಯನ್ನು ಏರಿಸಲು ಹೊರಟಾಗ ಬಾಯಿ ತಾನಾಗಿ ಅಗಲವಾಗಿ ತೆರೆಯುತ್ತದೆ, ಉಸಿರು ಆಳವಾಗುತ್ತದೆ, ವ್ಯಂಜನಗಳು ಬಿಗಿಯಾಗುತ್ತವೆ. ಇದಕ್ಕಿಂತ ಮುಖ್ಯವಾಗಿ, ತನಗೆ ಕೂಗಿದಂತೆ ಅನ್ನಿಸುವ ದನಿಯೇ ಇತರರಿಗೆ ಸಹಜವಾದ ದನಿಯೆಂಬುದನ್ನು ರೋಗಿ ಕಲಿಯುತ್ತಾನೆ. ತಪ್ಪಿದ ತಕ್ಕಡಿಯನ್ನು ಸರಿಪಡಿಸುವ ದಾರಿ ಇದು.

ಬ್ರಿಟನ್ನಿನಲ್ಲಿ 388 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಕ್ರಮವನ್ನು ಒರೆಗೆ ಹಚ್ಚಿತು. ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ಹಂಚಲಾಯಿತು. ಒಂದು ಗುಂಪಿಗೆ ಈ ಅಭ್ಯಾಸ, ಇನ್ನೊಂದಕ್ಕೆ ಅಲ್ಲಿನ ಸರ್ಕಾರಿ ವೈದ್ಯಸೇವೆಯ ರೂಢಿಯ ಮಾತಿನ ಚಿಕಿತ್ಸೆ. ಮೂರನೆಯದಕ್ಕೆ ಯಾವ ಮಾತಿನ ಚಿಕಿತ್ಸೆಯೂ ಇಲ್ಲ. ಮಾತಿನಿಂದಾಗುವ ತೊಂದರೆ ಕಡಮೆಯಾದುದು ಮೊದಲ ಗುಂಪಿನಲ್ಲಿಯೇ. ಆದರೆ ಆ ಗುಂಪಿನ ಕೆಲವರಲ್ಲಿ ಗಂಟಲು ಕಟ್ಟುವ ತೊಂದರೆಯೂ ಕಂಡುಬಂದುದರಿಂದ ತಜ್ಞರ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡುವುದು ಲೇಸು.

ಕನ್ನಡದಲ್ಲಿ ಕೇಳಬೇಕಾದ ಪ್ರಶ್ನೆಗಳು

ಮೇಲೆ ಹೇಳಿದ ಅಧ್ಯಯನಗಳೆಲ್ಲ ಪಾಶ್ಚಾತ್ಯ ದೇಶಗಳಲ್ಲಿ ನಡೆದವು. 'ಆ'ಕಾರ ಎಲ್ಲ ಭಾಷೆಗಳಿಗೂ ಸಾಧಾರಣವಾದುದರಿಂದ ಅದರ ಅಳತೆ ಎಲ್ಲಿಯಾದರೂ ಸಲ್ಲಬಹುದು. ಉಚ್ಚಾರಣೆಯ ವಿಷಯ ಹಾಗಲ್ಲ. ಪ್ರಪಂಚದ ಅನೇಕ ಕಡೆ ವಾಕ್ ಚಿಕಿತ್ಸಕರು ರೋಗಿಯಿಂದ 'ಪತಕ, ಪತಕ' ಎಂದು ಬೇಗಬೇಗನೆ ಹೇಳಿಸುತ್ತಾರೆ. ಈ ಮೂರು ಅಕ್ಷರಗಳನ್ನು ಆರಿಸಿದ ಕಾರಣ ನಮ್ಮ ವರ್ಣಮಾಲೆಯನ್ನು ಕಲಿತವರಿಗೆ ಒಡನೆ ಹೊಳೆಯುತ್ತದೆ. ಪಕಾರ ತುಟಿಯದು, ತಕಾರ ನಾಲಗೆಯ ತುದಿಯದು, ಕಕಾರ ನಾಲಗೆಯ ಬುಡದ್ದು. ಬಾಯಿಯ ಮುಂದಿನಿಂದ ಹಿಂದಕ್ಕೆ ಮೂರು ಜಾಗಗಳನ್ನೂ ಒಂದೇ ಉಸಿರಿನಲ್ಲಿ ಪರೀಕ್ಷಿಸಿದಂತಾಯಿತು.

ಆದರೆ ಕನ್ನಡಕ್ಕೆ ಇಷ್ಟು ಸಾಲದು. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಚಿ ನುಡಿಯುವ ಟ, ಡ, ಣ, ಳ ನಮ್ಮಲ್ಲಿವೆ. 'ಹುಲಿ' ಎಂಬುದಕ್ಕೂ 'ಹುಳಿ' ಎಂಬುದಕ್ಕೂ, 'ಮನೆ'ಗೂ 'ಮಣೆ'ಗೂ ಇರುವ ಭೇದವೆಲ್ಲ ಈ ಮಡಿಚುವಿಕೆಯಲ್ಲಿದೆ. 'ಕತೆ'ಯನ್ನು 'ಕತ್ತೆ'ಯಿಂದ ಬೇರ್ಪಡಿಸುವುದು ನಾಲಗೆ ಹಲ್ಲಿನ ಹಿಂದೆ ಕ್ಷಣಕಾಲ ಹೆಚ್ಚಾಗಿ ನಿಲ್ಲುವುದರಿಂದ. 'ಕಲ್ಲು', 'ಕಾಲು' ಎಂಬಲ್ಲಿ ಸ್ವರದ ಹ್ರಸ್ವದೀರ್ಘಗಳೂ ಸೇರುತ್ತವೆ. ಚಲನೆಯ ಅಳತೆಯೂ ಕಾಲವೂ ತಪ್ಪುವ ರೋಗದಲ್ಲಿ ಇಂತಹ ಭೇದಗಳಲ್ಲಿ ಯಾವುದು ಮೊದಲು ಅಳಿಯುತ್ತದೆ? ಔಷಧಿಯಿಂದ ಹೆಜ್ಜೆ ನೀಳವಾದಾಗ ಕತ್ತೆಯ ಒತ್ತಕ್ಷರವೂ ಮರಳಿ ಬರುತ್ತದೆಯೆ? ಇವು ಅಳತೆಯಿಂದ ಉತ್ತರಿಸತಕ್ಕ ಪ್ರಶ್ನೆಗಳು. ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ದೋಷಗಳ ಅಧ್ಯಯನಕ್ಕೇ ಮೀಸಲಾದ ಅಖಿಲ ಭಾರತ ಸಂಸ್ಥೆಯಿದೆ. ಬೆಂಗಳೂರಿನಲ್ಲಿ ನರವಿಜ್ಞಾನಕ್ಕೆ ಹೆಸರಾದ ನಿಮ್ಹಾನ್ಸ್ ಇದೆ. ಕನ್ನಡವನ್ನು ಕಿವಿಯಿಂದ ಬಲ್ಲ ವಿದ್ಯಾರ್ಥಿಗಳಿಗೆ ಇಲ್ಲಿ ಸಾಕಷ್ಟು ಕೆಲಸವಿದೆ. ಭೌತವಿಜ್ಞಾನ, ಗಣಿತ, ಶರೀರಶಾಸ್ತ್ರ, ಭಾಷಾಶಾಸ್ತ್ರ ಇವುಗಳಲ್ಲಿ ಯಾವುದನ್ನು ಓದಿದವರಾದರೂ ಈ ಕೆಲಸದಲ್ಲಿ ಪಾಲುಗೊಳ್ಳಬಹುದು.

ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಇಂದಿನ ಉತ್ತರವನ್ನು ಹೀಗೆ ಸಂಗ್ರಹಿಸಬಹುದು. ಪಾರ್ಕಿನ್ಸನ್ ರೋಗದಲ್ಲಿ ನುಡಿ ಕೆಡುವುದು, ಅದೂ ಒಂದು ಚಲನೆಯಾಗಿರುವುದರಿಂದ. ಆದರೆ ನಡೆಯನ್ನು ತಿದ್ದುವ ಮದ್ದು ನುಡಿಯನ್ನು ಅದೇ ಪ್ರಮಾಣದಲ್ಲಿ ತಿದ್ದುವುದಿಲ್ಲ. ಆದುದರಿಂದ ನುಡಿಗೆ ಪ್ರತ್ಯೇಕವಾದ ಅಳತೆಯೂ ಪ್ರತ್ಯೇಕವಾದ ಆರೈಕೆಯೂ ಬೇಕು. ಮನೆಯಲ್ಲಿ ಹಿರಿಯರೊಬ್ಬರ ದನಿ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ, ಅಕ್ಷರಗಳು ಚಿಕ್ಕದಾಗುತ್ತಿದ್ದರೆ, ನಡೆಯುವಾಗ ಒಂದು ಕೈ ಬೀಸದೆ ನಿಂತಿದ್ದರೆ, ಅದನ್ನೆಲ್ಲ ಮುಪ್ಪಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಿರದೆ ವೈದ್ಯರಿಗೆ ತೋರಿಸುವುದು ಮನೆಯವರ ಕರ್ತವ್ಯ. ರೋಗವಿರುವುದು ಖಚಿತವಾದರೆ, ಅವರು ಹೇಳುವುದನ್ನು ಪೂರ್ತಿ ಕೇಳುವಷ್ಟು ತಾಳ್ಮೆಯನ್ನು ಎಲ್ಲರೂ ತಂದುಕೊಳ್ಳಬೇಕು. ದನಿ ಕುಗ್ಗಿದವರಿಗೆ ಹೇಳಬೇಕಾದದ್ದೂ ಕಡಮೆಯಾಗಿದೆಯೆಂದು ತಿಳಿಯುವುದು ಸರಿಯಲ್ಲ.